ನೀರು ಬೆರೆಸಿದರೆ ಕಾಣುವ ಗೆರೆ

ನವೆಂಬರ್ ೨೩
ಪ್ರಯೋಗಾಲಯ, ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ನಿನ್ನ ಪತ್ರ ಬಂದು ಇಂದಿಗೆ ಮೂವತ್ನಾಲ್ಕು ದಿನ. ತಡವಾದುದಕ್ಕೆ ಕ್ಷಮೆ ಇರಲಿ ಎಂದು ಬರೆದೆ, ಹೊಡೆದುಹಾಕಿದೆ, ಈಗ ಮತ್ತೆ ಅದನ್ನೇ ಬರೆಯುತ್ತಿದ್ದೇನೆ. ನೀನೂ ಮಗುವೂ ಆರೋಗ್ಯವಾಗಿದ್ದೀರಿ, ಅಳಿಯಂದಿರು ಮಗುವಿಗೆ ಸ್ನಾನ ಮಾಡಿಸುವಷ್ಟು ಧೈರ್ಯಶಾಲಿಗಳಾಗಿದ್ದಾರೆ ಎಂದು ತಿಳಿದು ಸಂತೋಷವಾಯಿತು. ನಾಲ್ಕು ತಿಂಗಳಿಗೆ ಆರು ಕಿಲೋ ನೂರ ಎಂಬತ್ತು ಗ್ರಾಂ. ಗ್ರಾಮಿನವರೆಗೂ ಬರೆಯುವ ಅಭ್ಯಾಸ ನಿನಗೆ ಯಾರಿಂದ ಬಂತೆಂದು ಊಹಿಸುವುದು ಕಷ್ಟವೇನಲ್ಲ.

ನಿನ್ನ ಪತ್ರದಲ್ಲಿ ಒಂದು ಪ್ರಶ್ನೆಯಿದೆ, ಒಂದು ತೀರ್ಮಾನವಿದೆ. "ಫೋನಲ್ಲಿ ಕೇಳಿದ್ರೆ ಲೈನ್ ಸರಿ ಇಲ್ಲ ಅಂತೀರಿ, ಅದಕ್ಕೇ ಕಾಗದದಲ್ಲಿ ಕೇಳ್ತಿದ್ದೀನಿ ಅಪ್ಪಾ. ಅಮ್ಮ ನಂಗೆ ಎಷ್ಟು ದಿನ ಹಾಲು ಕೊಟ್ಟಳು?" ಇದು ಪ್ರಶ್ನೆ. ತೀರ್ಮಾನ ಅತ್ತೆಯ ಬಗ್ಗೆ. ಮಗುವನ್ನು ನೋಡಲು ಬಂದ ಹಳೆಯ ನೆಂಟರೊಬ್ಬರು, "ನಿಮ್ಮಮ್ಮಂಗೆ ಕ್ಷಯ ಅಂತ ಗೊತ್ತಾಗಿದ್ದೇ ತಡ, ನಿಮ್ಮತ್ತೆ ನಿನ್ನ ಎತ್ಕೊಂಡು ಹೋಗಿಬಿಟ್ಲು. ಆಮೇಲೆ ಆ ತಾಯಿ ಕೈಗೆ ಕೊಡ್ಲೇ ಇಲ್ಲ ನೋಡು" ಎಂದರಂತೆ. ಅಂದಿನಿಂದ ನೀನು ಅತ್ತೆಯ ಫೋನು ಎತ್ತುತ್ತಿಲ್ಲ. ನಿನ್ನನ್ನು ಇಪ್ಪತ್ತಾರು ವರ್ಷ ಸಾಕಿದ ನನ್ನ ಅಕ್ಕ ಇದನ್ನು ನನ್ನ ಬಳಿ ದೂರಾಗಿ ಹೇಳಲಿಲ್ಲ. "ಎಳೇ ಮಗು ಕಣೋ, ನಿದ್ದೆಗೆಟ್ಟಿರ್ತಾಳೆ. ಸರಿ ಹೋಗ್ತಾಳೆ ಬಿಡು" ಎಂದಳು. ಹಾಗೆ ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದಳು.

ನಿನಗೆ ಉತ್ತರ ಕೊಡುತ್ತೇನೆ, ಕೊಡದೆ ಇರುವುದಿಲ್ಲ. ಆದರೆ ನೇರವಾಗಿ ಅಲ್ಲಿಗೆ ಬರಲು ನನ್ನಿಂದಾಗುತ್ತಿಲ್ಲ. ಮೊದಲು ಇಲ್ಲಿಯ ಸುದ್ದಿ ಬರೆಯಲು ಅನುಮತಿ ಕೊಡು.

ಇಲ್ಲಿ ಮಂಜು ಶುರುವಾಗಿದೆ. ಬೆಳಿಗ್ಗೆ ಒಂಬತ್ತರವರೆಗೆ ಆಸ್ಪತ್ರೆಗೆ ಗೋಡೆಗಳಿರುವುದಿಲ್ಲ, ದೀಪಗಳಷ್ಟೇ ಇರುತ್ತವೆ. ರೋಗಿಗಳು ಅದರೊಳಗಿಂದ ಸ್ವಲ್ಪಸ್ವಲ್ಪವಾಗಿ ಮೂಡುತ್ತಾರೆ. ಮೊದಲು ಕೆಮ್ಮು, ಆಮೇಲೆ ಚಪ್ಪಲಿಯ ಸದ್ದು, ಕೊನೆಗೆ ಮುಖ. ನನ್ನ ಪ್ರಯೋಗಾಲಯ ಒಂದು ಕಾಲಕ್ಕೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಾಗಿತ್ತೆಂದು ನಿನಗೆ ಗೊತ್ತು. ನೆಲದ ನಡುವೆ ಆ ನೀರಿನ ಸಣ್ಣ ಕಾಲುವೆ ಇಂದಿಗೂ ಇದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿ, ರಕ್ತ ತಿರುಗಿಸುವ ಯಂತ್ರವೊಂದೇ ಗುಂಯ್ ಎನ್ನುತ್ತಿರುವಾಗ, ಒಣಗಿ ಮೂವತ್ತು ವರ್ಷವಾದ ಆ ಕಾಲುವೆಯಲ್ಲಿ ನೀರು ಹೋಗುತ್ತಿರುವುದು ಕೇಳಿಸುತ್ತದೆ. ಮೊದಲೆಲ್ಲ ಎದ್ದು ನೋಡುತ್ತಿದ್ದೆ. ಈಗ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ.

ಇಲ್ಲಿ ನನಗೊಂದು ಅಡ್ಡಹೆಸರಿದೆ, ನಿನಗೆ ಹೇಳಿರಲಿಲ್ಲ: "ಇನ್ನೊಂದ್ಸಲ ಸಾರ್". ಯಾವುದೇ ಪರೀಕ್ಷೆಯನ್ನು ಎರಡನೇ ಬಾರಿ ಮಾಡದೆ ವರದಿ ಕೊಡುವುದಿಲ್ಲವೆಂಬ ಕಾರಣಕ್ಕೆ ವಾರ್ಡಿನ ದೊಡ್ಡ ಸಿಸ್ಟರ್ ಇಟ್ಟ ಹೆಸರು. "ಇವರು ಹುಟ್ಟಿದಾಗ್ಲೂ ಎರಡು ಸಲ ಅತ್ತಿರ್ತಾರೆ, ಮೊದಲನೇ ಅಳು ಸರಿಯಾಗಿ ಬಂತೋ ಇಲ್ವೋ ಅಂತ" ಎಂದು ನನ್ನ ಎದುರೇ ಹೇಳುತ್ತಾರೆ. ನಾನು ನಗುತ್ತೇನೆ. ಸಿಸ್ಟರ್ ಒಳ್ಳೆಯವರು.

ಎರಡೂವರೆ ವಾರದ ಹಿಂದೆ ಆ ಮಂಜಿನಿಂದ ಒಬ್ಬಾಕೆ ಬಂದಳು. ಹೊಲಿಗೆ ಕೆಲಸದವಳು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದುದರಿಂದ, ರಕ್ತ ತೆಗೆಯುವಾಗ "ಇದಕ್ಕೆಲ್ಲ ಹೆದರಲ್ಲ ಸಾರ್, ದಿನಾ ನಾನೇ ಚುಚ್ಕೋತೀನಿ" ಎಂದಳು. ಹೆರಿಗೆಯಾಗಿ ಐದು ತಿಂಗಳು. ಕೆಮ್ಮು, ಕಫದಲ್ಲಿ ರಕ್ತ. ಎಲ್ಲೋ ತೆಗೆಸಿದ್ದ ಎಕ್ಸ್-ರೇಯಲ್ಲಿ ಶ್ವಾಸಕೋಶದ ತುಂಬ ಬಿಳಿಯ ಉಂಡೆಗಳು. ಡಾಕ್ಟರಮ್ಮ, ಅಂದರೆ ಇಲ್ಲಿಗೆ ಬಂದು ಎರಡು ವರ್ಷವಾದ ಚಿಕ್ಕ ವಯಸ್ಸಿನ ವೈದ್ಯೆ, ಕ್ಷಯವಿರಬೇಕೆಂದು ಔಷಧಿ ಶುರುಮಾಡಿದರು. ಬೇರೆ ಯಾರಾಗಿದ್ದರೂ ಅದನ್ನೇ ಮಾಡುತ್ತಿದ್ದರು. ಕ್ಷಯವನ್ನು ಎರಡು ಗಂಟೆಯಲ್ಲಿ ಗುರುತಿಸುವ ಯಂತ್ರ ನಮ್ಮಲ್ಲಿದೆ, ಅದಕ್ಕೆ ತುಂಬುವ ಡಬ್ಬಿಗಳು ಬಂದಿಲ್ಲ. ಎರಡು ತಿಂಗಳಿಂದ ಅದರ ಮೇಲೆ ಬಟ್ಟೆ ಹೊದಿಸಿದ್ದೇನೆ.

ಹೀಗಾಗಿ ಕಫವನ್ನು ಹಳೆಯ ರೀತಿಯಲ್ಲಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಬೇಕಾಯಿತು. ಕ್ಷಯದ ಜೀವಾಣು ನೀಲಿ ಬಯಲಿನಲ್ಲಿ ಬಿದ್ದ ಕೆಂಪು ಕಡ್ಡಿಯಂತೆ ಕಾಣಬೇಕು. ಮೂರು ದಿನ, ಮೂರು ಗಾಜು, ಒಂದೊಂದರಲ್ಲಿ ಮುನ್ನೂರು ನೀಲಿ ಬಯಲುಗಳಲ್ಲಿ ಅಲೆದೆ. ನಡೆಯುತ್ತ ನಡೆಯುತ್ತ ಎಲ್ಲಿದ್ದೇನೆಂಬುದೇ ಮರೆತುಹೋಗುವಂಥ ಬಯಲು ಅದು. ಒಂದು ಕಡ್ಡಿಯೂ ಸಿಗಲಿಲ್ಲ.

ಇಂದು ಬೆಳಿಗ್ಗೆ ಆಕೆಯ ಚೀಟಿಯನ್ನು ಮತ್ತೆ ಓದಿದೆ. ಕೆಮ್ಮಿನ ವಿವರದ ಕೆಳಗೆ ಡಾಕ್ಟರಮ್ಮ ಸಣ್ಣ ಅಕ್ಷರದಲ್ಲಿ ಬರೆದಿದ್ದರು: "ಹೆರಿಗೆಯ ನಂತರ ರಕ್ತಸ್ರಾವ ಪೂರ್ತಿ ನಿಂತಿಲ್ಲ." ಬೇರೆ ಬೇರೆ ಖಾಯಿಲೆಗಳಂತೆ ಕಾಣುವ ಆ ಎರಡು ಸಾಲು ಒಂದೇ ಖಾಯಿಲೆಯ ಎರಡು ತುದಿಗಳಾಗಿರಬಹುದು. ಗರ್ಭದಲ್ಲಿ ಮಗುವಿಗೆ ಉಣಿಸುವ ಮಾಸು ಇದೆಯಲ್ಲ, ಸಾವಿರಾರು ಹೆರಿಗೆಗಳಲ್ಲಿ ಎಲ್ಲೋ ಒಮ್ಮೆ ಅದರ ಒಂದಿಷ್ಟು ಕಣಗಳು ತಾಯಿಯ ಮೈಯಲ್ಲೇ ಉಳಿದುಬಿಡುತ್ತವೆ. ಮಗು ಹುಟ್ಟಿ ಆಗಿದೆ ಎಂಬ ಸುದ್ದಿ ಅವಕ್ಕೆ ಮುಟ್ಟಿಯೇ ಇಲ್ಲವೇನೋ ಎಂಬಂತೆ ಬೆಳೆಯುತ್ತ, ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಉಂಡೆಗಳಾಗುತ್ತವೆ. ಅದು ಕ್ಯಾನ್ಸರ್. ಹೆಸರು ಹೇಳಿದರೆ ಭಯವಾಗುತ್ತದೆ, ಆದರೆ ಹೆಸರು ತಿಳಿದರೆ ವಾಸಿಯಾಗುತ್ತದೆ. ಅಷ್ಟು ಹರಡಿದ ಮೇಲೂ ಔಷಧಿಗೆ ಕರಗುವ ಅಪರೂಪದ ಕ್ಯಾನ್ಸರುಗಳಲ್ಲಿ ಅದೊಂದು. ಆ ಕಣಗಳು ಗರ್ಭಿಣಿಯರಲ್ಲಿ ಇರುವ ಅದೇ ರಸವನ್ನು ಸುರಿಸುತ್ತಿರುತ್ತವೆ. ಆದ್ದರಿಂದ ಗರ್ಭ ನೋಡುವ ಆ ಸಾಧಾರಣ ಕಾಗದದ ಪಟ್ಟಿಯೇ ಅದನ್ನು ಹಿಡಿದುಕೊಡಬಲ್ಲದು.

ಸಕ್ಕರೆ ನೋಡಲು ಕಳಿಸಿದ್ದ ಮೂತ್ರ ಸ್ವಲ್ಪ ಉಳಿದಿತ್ತು. ಯಾರೂ ಹೇಳದೆ ಪಟ್ಟಿಯನ್ನು ಅದರಲ್ಲಿ ಅದ್ದಿದೆ. ಪಟ್ಟಿ ಸರಿಯಾಗಿದೆ ಎಂದು ತೋರಿಸುವ ಮೇಲಿನ ಗೆರೆ ಬಂತು. ಕೆಳಗಿನ ಗೆರೆ ಬರಲಿಲ್ಲ. ಬಿಳಿ, ಬರೀ ಬಿಳಿ. ಸಿಸ್ಟರ್ ಬಗ್ಗಿ ನೋಡಿ, "ಅಯ್ಯೋ, ಐದು ತಿಂಗಳ ಬಾಣಂತಿಗೆ ಇದನ್ನ ಮಾಡ್ತಾರಾ? ಇನ್ನು ನಂಗೂ ಮಾಡಿಬಿಡಿ, ಅರವತ್ತಕ್ಕೆ ಎರಡು ವರ್ಷ ಕಮ್ಮಿ" ಎಂದು ನಕ್ಕು ಹೋದರು.

ಹನ್ನೊಂದು ವರ್ಷದ ಹಿಂದೆ ನನ್ನನ್ನು ಎರಡು ವಾರದ ತರಬೇತಿಗೆ ಕಳಿಸಿದ್ದು ನಿನಗೆ ನೆನಪಿರಬಹುದು. ಅಲ್ಲಿ ಒಂದು ಮಧ್ಯಾಹ್ನ, ಪರದೆಗಳನ್ನು ಎಳೆದ ಕೋಣೆಯಲ್ಲಿ, ಈ ಪಟ್ಟಿ ಯಾವಾಗ ಕುರುಡಾಗುತ್ತದೆ ಎಂದು ಹೇಳಿಕೊಟ್ಟರು. ಹತ್ತು ಜನ ಏರಿದರೆ ದೋಣಿ ಆಚೆ ದಡ ಮುಟ್ಟುತ್ತದೆ. ಇಡೀ ಊರೇ ಒಮ್ಮೆಗೆ ನುಗ್ಗಿದರೆ ದೋಣಿ ಕದಲುವುದೇ ಇಲ್ಲ. ರಸ ಮಿತಿಮೀರಿ ಇದ್ದಾಗ ಪಟ್ಟಿಯಲ್ಲೂ ಹಾಗೆಯೇ ಆಗಿ ಗೆರೆ ಮೂಡುವುದಿಲ್ಲ. ಮಾಡಬೇಕಾದದ್ದು ಇಷ್ಟೇ: ಒಂದು ಪಾಲಿಗೆ ತೊಂಬತ್ತೊಂಬತ್ತು ಪಾಲು ನೀರು ಬೆರೆಸಿ ಮತ್ತೆ ನೋಡುವುದು.

ಬೆರೆಸಿದೆ. ಮೊದಲು ಹತ್ತು ಪಟ್ಟು ತೆಳುಮಾಡಿದ್ದರಲ್ಲಿ ಅದ್ದಿದೆ. ದೂರದಲ್ಲಿ ಯಾರೋ ಬರುತ್ತಿರುವಂತೆ ಒಂದು ಛಾಯೆ. ಆಮೇಲೆ ನೂರು ಪಟ್ಟು ತೆಳುಮಾಡಿದ್ದರಲ್ಲಿ ಅದ್ದಿದೆ. ಗೆರೆ ಕೆಂಪಾಗಿ, ದಪ್ಪವಾಗಿ, ತಡವಾಯಿತೆಂದು ಓಡಿಬಂದವರ ಹಾಗೆ ಬಂದು ನಿಂತಿತು. ಇನ್ನೊಂದು ಪಟ್ಟಿ ತೆಗೆದುಕೊಂಡು ಮತ್ತೆ ನೋಡಿದೆ. ಅದೇ.

ನಾಲ್ಕು ಪಟ್ಟಿಗಳೂ ಈಗ ಈ ಕಾಗದದ ಪಕ್ಕದಲ್ಲೇ ಇವೆ. ಹೊರಗೆ ಡಾಕ್ಟರಮ್ಮನ ಚಪ್ಪಲಿಯ ಸದ್ದು ಕೇಳುತ್ತಿದೆ. ಅವರು ಬರೆಯದ ಪರೀಕ್ಷೆಯನ್ನು ಮಾಡಿದ್ದೇನೆಂದು ಹೇಳಬೇಕು. ಈ ಆಸ್ಪತ್ರೆಯಲ್ಲಿ ನಾನು ಹಾಗೆ ಮಾಡಿದ್ದು ಇದೇ ಮೊದಲು.

ನಿನ್ನ ಅಪ್ಪ

*

ಡಿಸೆಂಬರ್ ೨

ಪುಟ್ಟಾ,

ನಿನ್ನ ಕಾಗದ ಮೂರೇ ಸಾಲು. "ಅಪ್ಪಾ, ಆಕೆಗೆ ಏನಾಯ್ತು? ಬೇಗ ಬರೀರಿ. ನಾನು ಕೇಳಿದ್ದನ್ನ ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೀರಿ, ಅದೂ ಗೊತ್ತಾಯ್ತು." ನನ್ನನ್ನು ಇಷ್ಟು ಕಡಿಮೆ ಪದಗಳಲ್ಲಿ ಗದರಿಸಬಲ್ಲವರು ಹಿಂದೆ ಒಬ್ಬರಿದ್ದರು.

ಪಟ್ಟಿಗಳನ್ನು ನೋಡಿ ಡಾಕ್ಟರಮ್ಮ ಮೊದಲು ಹುಬ್ಬುಗಂಟಿಕ್ಕಿದರು. "ನಾನು ಇದನ್ನ ಬರೆದೇ ಇಲ್ವಲ್ಲ ಸಾರ್."

"ಇಲ್ಲ. ನಾನೇ ಮಾಡಿದೆ."

"ನೀರು ಬೆರೆಸಿದ್ರೆ ಕಮ್ಮಿ ಆಗ್ಬೇಕು. ನಿಮ್ದು ಜಾಸ್ತಿ ಆಗಿದೆ."

"ಅದೇ ವಿಷಯ ಮೇಡಂ."

ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಆಮೇಲೆ ಅವರ ಮುಖದಲ್ಲಿ, ಯಾವುದೋ ಪುಸ್ತಕದ ಯಾವುದೋ ಪುಟ ನಿಧಾನವಾಗಿ ತೆರೆದುಕೊಳ್ಳುವುದು ನನಗೆ ಕಂಡಿತು. ಎಕ್ಸ್-ರೇಯನ್ನು ಮತ್ತೆ ತರಿಸಿ ಕಿಟಕಿಗೆ ಹಿಡಿದರು. ಅಂದು ಮಧ್ಯಾಹ್ನವಾದರೂ ಸರಿಯದ ಮಂಜಿನ ಬೆಳಕಿನಲ್ಲಿ ಆ ಉಂಡೆಗಳು, ಹಗಲಿನಲ್ಲಿ ಕಾಣುವ ಚಂದ್ರನ ಹಾಗೆ, ಒಂದಲ್ಲ ಹದಿನಾಲ್ಕು, ತೇಲುತ್ತಿದ್ದವು. "ಎಷ್ಟು ಗುಂಡಗಿವೆ" ಎಂದರು, ಮೆಲ್ಲಗೆ. "ಕ್ಷಯ ಇಷ್ಟು ಗುಂಡಗೆ ಇರಲ್ಲ. ನಾನು ಯಾಕೆ ನೋಡ್ಲಿಲ್ಲ?"

"ಯಾರೂ ನೋಡಲ್ಲ ಮೇಡಂ" ಎಂದೆ.

ಪರೀಕ್ಷಿಸಿದಾಗ ಗರ್ಭದ ದಾರಿಯಲ್ಲಿ ನೀಲಿಗಟ್ಟಿದ ಒಂದು ಗಂಟು ಸಿಕ್ಕಿತು. ಅದರಿಂದ ಒಂದು ತುಣುಕು ತೆಗೆದು ನನಗೆ ಕೊಡುವುದೆಂದು ಕೈ ತೊಳೆದುಕೊಂಡವರು, ಏನೋ ಅನುಮಾನ ಬಂದು ನಗರದ ದೊಡ್ಡ ಆಸ್ಪತ್ರೆಯ ತಮ್ಮ ಹಳೆಯ ಪ್ರೊಫೆಸರಿಗೆ ಫೋನು ಮಾಡಿದರು. ಫೋನಿನ ಧ್ವನಿ ನನಗೂ ಕೇಳಿಸುವಷ್ಟು ಜೋರಾಗಿತ್ತು. "ಮುಟ್ಟಬೇಡಮ್ಮ ಅದನ್ನ! ಶುರುವಾದ್ರೆ ರಕ್ತ ನಿಲ್ಲೋದಿಲ್ಲ. ಇದಕ್ಕೆ ತುಣುಕು ಬೇಕಿಲ್ಲ. ರಕ್ತದಲ್ಲಿ ಆ ರಸ ಎಷ್ಟಿದೆ ಅಂತ ಗೊತ್ತಾದ್ರೆ ಸಾಕು. ಪಟ್ಟಿ ತೆಳು ಮಾಡಿ ನೋಡಿದ್ಯಾ? ಯಾರು ಹೇಳಿಕೊಟ್ರು?" ಡಾಕ್ಟರಮ್ಮ ನನ್ನ ಕಡೆ ನೋಡಿ, "ನಮ್ಮ ಇನ್ನೊಂದ್ಸಲ ಸಾರ್" ಎಂದುಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡರು. ಅಡ್ಡಹೆಸರು ವೈದ್ಯರವರೆಗೂ ಹೋಗಿದೆಯೆಂದು ನನಗೆ ಅಂದೇ ತಿಳಿದದ್ದು.

ರಕ್ತದ ಸೀಸೆಯನ್ನು ಮಂಜುಗಡ್ಡೆಯೊಡನೆ ಫ್ಲಾಸ್ಕಿನಲ್ಲಿಟ್ಟು ಬಸ್ಸಿನ ಚಾಲಕನ ಕೈಗೆ ಕೊಟ್ಟೆವು. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ನಾನೇ ಬರೆದೆ: "ದಯವಿಟ್ಟು ತೆಳುಮಾಡಿ ನೋಡಿ. ತೆಳುಮಾಡದೆ ಬಂದ ಸಂಖ್ಯೆಯನ್ನು ನಂಬಬೇಡಿ." ಫಲಿತಾಂಶಕ್ಕೆ ಒಂಬತ್ತು ದಿನ ಎಂದರು. ಅದು ಬಂದ ಮೇಲೆಯೇ ಅಲ್ಲಿ ಹಾಸಿಗೆ, ಅಲ್ಲಿ ಔಷಧಿ.

"ಆ ಔಷಧಿ ಶುರುವಾದ್ಮೇಲೆ ಹಾಲು ಕುಡಿಸೋ ಹಾಗಿಲ್ಲ" ಎಂದು ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಹೇಳಿದರು. "ಪಾಪ, ಹದಿನೆಂಟು ದಿನದಿಂದ ಹಿಂಡಿ ಹಿಂಡಿ ಚೆಲ್ತಾ ಇದಾಳೆ. ಬತ್ತಬಾರ್ದು ಅಂತ."

ಹದಿನೆಂಟು ದಿನದಿಂದ ಆಕೆ ಉದ್ದ ಜಗಲಿಯ ಈ ತುದಿಯ ಕೋಣೆಯಲ್ಲಿದ್ದಳು. ಮಗುವನ್ನೆತ್ತಿಕೊಂಡು ಅವಳ ಅತ್ತೆ ಆ ತುದಿಯ ಬೆಂಚಿನ ಮೇಲೆ. ನಡುವೆ ಅರವತ್ತು ಹೆಜ್ಜೆ. ನಾನು ಅಳೆದಿದ್ದೇನೆ. ಮಗು ಅತ್ತಾಗಲೆಲ್ಲ ಕೋಣೆಯೊಳಗಿನ ಕಬ್ಬಿಣದ ಮಂಚ ಕಿರುಗುಟ್ಟುತ್ತಿತ್ತು. ಆಕೆ ಎದ್ದು ಕೂರುತ್ತಿದ್ದಳು, ಅಷ್ಟೇ. ಬಾಗಿಲಿಗೆ ಬರುತ್ತಿರಲಿಲ್ಲ.

"ಮೇಡಂ," ಎಂದೆ, "ಈ ಒಂಬತ್ತು ದಿನ ಮಗುವನ್ನು ಕೊಡಬಹುದೇ?"

"ಸಾರ್, ನೀವು ವಾರ್ಡಿನ ವಿಷಯ ಕೇಳ್ತಿದ್ದೀರಾ?" ಅವರಿಗೆ ನಗು ಬಂತು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಕ್ಷಯಾನೇ ಆಗಿದ್ರೂ ಮಗೂನ ಬೇರೆ ಮಾಡ್ಬೇಕಾಗಿರ್ಲಿಲ್ಲ. ತಾಯಿಗೆ ಮಾಸ್ಕ್, ಕಿಟಕಿ ತೆಗೆದಿಡೋದು, ಮಗುವಿಗೆ ಮುನ್ನೆಚ್ಚರಿಕೆ ಔಷಧಿ, ಅಷ್ಟೇ. ಅದೆಲ್ಲ ಹಳೇ ಕಾಲದ ಹೆದರಿಕೆ. ಮೊದಲನೇ ದಿನಾನೇ ಆ ಅಜ್ಜಿಗೆ ಹೇಳಿದೆ, ಕೇಳಲಿಲ್ಲ."

ಸ್ವಲ್ಪ ಹೊತ್ತು ಎಕ್ಸ್-ರೇ ನೋಡುತ್ತ ನಿಂತಿದ್ದೆ. ನಂತರ ಜಗಲಿಗೆ ಹೋದೆ. ಎಪ್ಪತ್ತರ ಹತ್ತಿರದ ಆ ಅಜ್ಜಿ ಮಗುವನ್ನು ಹೊಟ್ಟೆಗೊತ್ತಿಕೊಂಡು ಕುಳಿತಿದ್ದಳು.

"ಅಮ್ಮಾ, ನಿಮ್ಮ ಸೊಸೆಗೆ ಇರುವುದು ಅಂಟುವ ಖಾಯಿಲೆ ಅಲ್ಲ. ಮಗುವನ್ನು ಕೊಡಿ."

"ನೀವು ಯಾರು?"

"ಪರೀಕ್ಷೆ ಮಾಡುವವನು."

"ಡಾಕ್ಟರಲ್ಲ?"

"ಅಲ್ಲ."

"ಮತ್ತೆ? ಡಾಕ್ಟರಮ್ಮ ಹೇಳಿದ್ರೇ ಕೇಳಲಿಲ್ಲ ನಾನು, ನೀವು ಹೇಳಿದ್ರೆ ಕೇಳ್ತೀನಾ? ಅವಳಿಗೆ ಏನಾದ್ರೂ ಆದ್ರೆ ನನ್ನ ಮಗನಿಗೆ ಉಳಿಯೋದು ಇದೊಂದೇ ಸಾಹೇಬ್ರೇ. ಕಲ್ಲೆದೆ ಅಂತ ತಿಳ್ಕೋಬೇಡಿ. ಅವಳು ಒಳಗೆ ಅಳ್ತಾಳೆ, ನಾನು ಇಲ್ಲಿ ಅಳ್ತೀನಿ, ಇದು ಮಧ್ಯದಲ್ಲಿ ಅಳತ್ತೆ." ಸ್ವಲ್ಪ ತಡೆದು, "ಬರ್ಕೊಡ್ತೀರಾ?" ಎಂದಳು.

"ಏನನ್ನು?"

"ಅಂಟಲ್ಲ ಅಂತ."

"ನಿಮಗೆ ಓದಲು ಬರುತ್ತದೆಯೇ?"

"ಇಲ್ಲ. ಆದ್ರೂ ಬರ್ಕೊಡಿ. ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ."

ನಗರದ ವರದಿ ಬಂದಿರಲಿಲ್ಲ. ವರದಿ ಬಾರದೆ ನಾನು ಯಾವ ಕಾಗದಕ್ಕೂ ಸಹಿ ಹಾಕಿದವನಲ್ಲ. ಅಂದು ಹಾಕಿದೆ. ಜೇಬಿನಲ್ಲಿದ್ದ ಚೀಟಿಯ ಹಿಂದೆ, "ಈ ಖಾಯಿಲೆ ಮಗುವಿಗೆ ಅಂಟುವುದಿಲ್ಲ. ತಾಯಿಗೆ ಮಗುವನ್ನು ಕೊಡಬಹುದು, ಕೊಡಬೇಕು" ಎಂದು ಬರೆದು, ದಿನಾಂಕ ಹಾಕಿ ಕೊಟ್ಟೆ. ಅಜ್ಜಿ ಅದನ್ನು ತಲೆಕೆಳಗಾಗಿ ಹಿಡಿದು ಪೂರ್ತಿ ನೋಡಿದಳು. ಮಡಚಿ ರವಿಕೆಯೊಳಗೆ ಸೇರಿಸಿಕೊಂಡಳು. ಎದ್ದಳು. ದೊಡ್ಡ ಸಿಸ್ಟರ್ ದೂರದಿಂದಲೇ, "ಯಪ್ಪಾ! ಒಂದೇ ಸಲಕ್ಕೆ ಸಹಿ ಹಾಕಿದ್ರು ಕಣ್ರೇ!" ಎಂದು ಕೂಗಿದರು. ಆಮೇಲೆ ಅವರೇ ಓಡಿಬಂದು ಆ ಅರವತ್ತು ಹೆಜ್ಜೆ ಅಜ್ಜಿಯ ತೋಳು ಹಿಡಿದು ನಡೆಸಿದರು.

ನಾನು ಹಿಂದೆಯೇ ಹೋದೆ, ಬಾಗಿಲಲ್ಲಿ ನಿಂತೆ. ಕಿಟಕಿ ತೆರೆದಿದ್ದರಿಂದ ಕೋಣೆಯೊಳಗೂ ಮಂಜು ಬಂದಿತ್ತು. ಮಂಚ, ಆಕೆ, ಗೋಡೆ ಯಾವುದಕ್ಕೂ ಅಂಚಿರಲಿಲ್ಲ. ಮಗು ಮೊದಲು ಗುರುತು ಹಿಡಿಯದೆ ಮುಖ ತಿರುಗಿಸಿತು. ಆಕೆ ಒತ್ತಾಯ ಮಾಡಲಿಲ್ಲ. ಮಾಸ್ಕಿನ ಹಿಂದಿನಿಂದ ಗುಂಯ್ ಎಂಬ ಒಂದು ಸದ್ದು ಮಾಡುತ್ತ ಕುಳಿತಳು, ಹೊಲಿಗೆ ಯಂತ್ರದ ಸದ್ದಿನಂತೆ. ಹೊಟ್ಟೆಯೊಳಗಿದ್ದಾಗ ಆ ಮಗು ದಿನವಿಡೀ ಕೇಳಿದ್ದು ಅದನ್ನೇ ಇರಬೇಕು. ಅದು ತಲೆ ತಿರುಗಿಸಿತು. ಮುಂದಿನದನ್ನು ನಾನು ನೋಡಬೇಕಾಗಿರಲಿಲ್ಲ. ಹಿಂದಿರುಗಿ ಬಂದೆ.

ನಿನ್ನೆ ಅಕ್ಕ ಬಂದಿದ್ದಳು. ನೀನು ಕಳಿಸಿದ ಮಗುವಿನ ಫೋಟೋ ತೋರಿಸಿದೆ. ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಕಿವಿ ಮಾತ್ರ ನಿಂದೇ ಕಣೋ, ಪಾಪ" ಎಂದಳು. ನಂತರ ಬಹಳ ಹೊತ್ತು ಆ ಬೆಳಕಿನ ಚೌಕವನ್ನು ಮಡಿಲಲ್ಲಿಟ್ಟುಕೊಂ‌ಡು ಕೂತಿದ್ದಳು. ಅದು ಆರಿದಾಗಲೆಲ್ಲ ಬೆರಳಿಂದ ಮುಟ್ಟಿ ಮತ್ತೆ ಬೆಳಗಿಸುತ್ತಿದ್ದಳು. ನೀನು ಹೇಗಿದ್ದೀಯೆಂದು ಕೇಳಲಿಲ್ಲ. ನಾನೇ ಹೇಳಲೆಂದು ಕಾದಳು.

ನಿನ್ನ ಅಪ್ಪ

*

ಡಿಸೆಂಬರ್ ೨೭

ಪ್ರೀತಿಯ ಪುಟ್ಟಾ,

ಈ ಬಾರಿ ತಡ ಮಾಡಿದ್ದಕ್ಕೆ ಕಾರಣವಿದೆ, ಅದು ನೆಪವಲ್ಲ. ಪೂರ್ತಿ ತಿಳಿದ ಮೇಲೆ ಬರೆಯೋಣವೆಂದು ಕಾದೆ.

ವರದಿ ಒಂಬತ್ತನೆಯ ದಿನವೇ ಬಂತು. ನಗರದವರು ಹತ್ತು ಸಾವಿರ ಪಟ್ಟು ತೆಳುಮಾಡಿ ನೋಡಿದ್ದರು. ಗರ್ಭವಿಲ್ಲದವರಲ್ಲಿ ಐದಕ್ಕಿಂತ ಕಡಿಮೆ ಇರಬೇಕಾದದ್ದು ಆಕೆಯಲ್ಲಿ ಹನ್ನೊಂದು ಲಕ್ಷದ ಅರವತ್ತು ಸಾವಿರ. ಡಾಕ್ಟರಮ್ಮ ಆ ಸಂಖ್ಯೆಯನ್ನು ಎರಡು ಬಾರಿ ಗಟ್ಟಿಯಾಗಿ ಓದಿದರು. ಅವರಿಗೂ ನನ್ನ ಚಾಳಿ ಅಂಟಿರಬೇಕು. ಮರುದಿನ ಮುಂಜಾನೆಯ ಬಸ್ಸಿಗೆ ಆಕೆ, ಅಜ್ಜಿ, ಮಗು ಮೂವರೂ ಹೊರಟರು. ಹೊರಡುವ ಮುನ್ನ ಆಕೆ ಪ್ರಯೋಗಾಲಯದ ಬಾಗಿಲಿಗೆ ಬಂದು, "ಸಾರ್, ನಿಮ್ಮ ಕೋಟಿನ ಗುಂಡಿ ಜೋತುಬಿದ್ದಿದೆ, ಬಂದ್ಮೇಲೆ ಹಾಕ್ಕೊಡ್ತೀನಿ" ಎಂದಳು. ಬಂದ ಮೇಲೆ ಎಂದಳು. ನನಗೆ ಅದು ಸಾಕಾಯಿತು.

ಮೊನ್ನೆ ಡಾಕ್ಟರಮ್ಮ ಓಡುತ್ತ ಬಂದು ಹೇಳಿದರು, ಮೊದಲ ಸುತ್ತಿನ ಔಷಧಿಗೇ ಸಂಖ್ಯೆ ಎಪ್ಪತ್ತು ಸಾವಿರಕ್ಕೆ ಇಳಿದಿದೆಯಂತೆ. ಇನ್ನೂ ಐದಾರು ಸುತ್ತು ಬೇಕು, ಕೂದಲು ಹೋಗಿದೆ, ಬಾಯೆಲ್ಲ ಹುಣ್ಣು. ಆದರೆ ಕೆಮ್ಮಿನಲ್ಲಿ ರಕ್ತವಿಲ್ಲ. ಬದುಕುತ್ತಾಳೆ ಎಂದು ಪ್ರೊಫೆಸರು ಹೇಳಿದ್ದಾರೆ. ಮಗುವಿಗೆ ಈಗ ಬಾಟಲಿಯ ಹಾಲು. ಮಲಗುವುದು ತಾಯಿಯ ಹಾಸಿಗೆಯ ಪಕ್ಕದಲ್ಲೇ. ಅಜ್ಜಿ ಅಲ್ಲಿಯ ನರ್ಸುಗಳಿಗೆಲ್ಲ ನನ್ನ ಚೀಟಿ ತೋರಿಸಿ, "ಬರ್ಕೊಟ್ಟಿದಾರೆ, ನೋಡ್ಕೊಳಿ" ಎನ್ನುತ್ತಾಳಂತೆ.

ಈ ಮೂರು ವಾರ ನಾನು ಸರಿಯಾಗಿ ಎಚ್ಚರವಾಗಿದ್ದೆನೋ ಇಲ್ಲವೋ ಹೇಳಲಾರೆ. ಮಂಜಿನಲ್ಲಿ ಆಸ್ಪತ್ರೆಗೆ ನಡೆದು ಬರುವಾಗ ಎದುರಿನ ಬಿಳಿಯಲ್ಲಿ ಗೆರೆಗಳು ಮೂಡಿದಂತಾಗುತ್ತದೆ. ಹತ್ತಿರ ಹೋದರೆ ದೀಪದ ಕಂಬ, ಒಣಗಿದ ಮರ, ಯಾರೋ ಒಬ್ಬ ಮನುಷ್ಯ. ಒಮ್ಮೊಮ್ಮೆ ಕಾಲುವೆಯ ಪಕ್ಕದಲ್ಲಿ ಯಾರೋ ಕುಳಿತು ಬಟ್ಟೆ ಹಿಂಡುತ್ತಿರುವಂತೆ, ಅವರಿಗೆ ಇಪ್ಪತ್ನಾಲ್ಕೇ ವರ್ಷ ಇರುವಂತೆ ಅನ್ನಿಸುತ್ತದೆ. ನಾನು ಸೂಕ್ಷ್ಮದರ್ಶಕದಿಂದ ತಲೆ ಎತ್ತುವುದಿಲ್ಲ. ಎತ್ತದಿದ್ದರೆ ಅವರು ಹೆಚ್ಚು ಹೊತ್ತು ಇರುತ್ತಾರೆ.

ನೀನು ಆರೋಗ್ಯ ನೋಡಿಕೊ. ಹೊತ್ತಿಗೆ ಸರಿಯಾಗಿ ಉಣ್ಣು. ಅಳಿಯಂದಿರಿಗೆ ನನ್ನ ಪ್ರೀತಿ ತಿಳಿಸು. ಮಗುವಿನ ನೆತ್ತಿಯನ್ನು ನನ್ನ ಪರವಾಗಿ ಒಮ್ಮೆ ಮೂಸು. ಆ ವಾಸನೆಯನ್ನು ಅಳೆಯುವ ಸಾಧನ ಯಾವ ಪ್ರಯೋಗಾಲಯದಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಎಲ್ಲರ ಉಸಿರೂ ಹಗುರವಾಗಿರಲಿ, ಎಲ್ಲರ ದಿನಗಳೂ ದೀರ್ಘವಾಗಿರಲಿ.

ನಿನ್ನ ಅಪ್ಪ

ಮರೆತದ್ದು: ಮರೆತದ್ದಲ್ಲ. ಸಹಿಯ ಮೇಲೆ ಬರೆಯಲಾಗದ್ದನ್ನು ಸಹಿಯ ಕೆಳಗೆ ಬರೆಯುತ್ತಿದ್ದೇನೆ.

ನಲವತ್ತೊಂದು ದಿನ. ನಿನ್ನ ಪ್ರಶ್ನೆಗೆ ಉತ್ತರ ಅದು.

ನೀನು ಹುಟ್ಟಿದ ಮೇಲೆ, ಇಪ್ಪತ್ನಾಲ್ಕರ ನಿನ್ನ ಅಮ್ಮನಿಗೆ ರಕ್ತ ನಿಲ್ಲಲಿಲ್ಲ. ಆರನೆಯ ವಾರ ಕೆಮ್ಮು ಬಂತು. ಮತ್ತೆ ಗರ್ಭವಾಗಿದೆಯೇನೋ ನೋಡಿ ಎಂದು ಅಂದಿನ ವೈದ್ಯರು ಬರೆದುಕೊಟ್ಟರು. ನಾನು ಆಗ ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಹೆಂಡತಿಯ ಪರೀಕ್ಷೆಯನ್ನು ಬೇರೆಯವರ ಕೈಗೆ ಏಕೆ ಕೊಡಬೇಕೆಂದು ನಾನೇ ಮಾಡಿದೆ. ಗೆರೆ ಬರಲಿಲ್ಲ. "ಇಲ್ಲ" ಎಂದು ಬರೆದು ಸಹಿ ಹಾಕಿದೆ. ಆಮೇಲೆ ಆ ದಿಕ್ಕಿಗೆ ಯಾರೂ ತಿರುಗಿ ನೋಡಲಿಲ್ಲ. ಕಫವನ್ನೂ ನಾನೇ ನೋಡಿದೆ, ಒಂದು ಕೆಂಪು ಕಡ್ಡಿಯೂ ಇರಲಿಲ್ಲ. ಆದರೂ ಕ್ಷಯವೆಂದೇ ನಂಬಿದೆ, ಏಕೆಂದರೆ ನನಗೆ ಬೇರೆ ಹೆಸರು ಗೊತ್ತಿರಲಿಲ್ಲ. ಹದಿನೈದು ವರ್ಷದ ನಂತರ, ಪರದೆ ಎಳೆದ ಆ ಕೋಣೆಯಲ್ಲಿ ಗೊತ್ತಾಯಿತು. ಯಾವ ತುಣುಕೂ ಉಳಿದಿಲ್ಲವಾದ್ದರಿಂದ ಸಾಬೀತು ಮಾಡಲಾರೆ. ಒಂದು ಲೋಟ ನೀರು ಸಾಕಿತ್ತು ಎಂಬುದನ್ನು ಮಾತ್ರ ಬಲ್ಲೆ. ಇದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ.

ನಿನ್ನನ್ನು ಕರೆದೊಯ್ಯಲು ಅಕ್ಕನಿಗೆ ಹೇಳಿದವನು ನಾನು. ಅವಳು "ಬೇಡ ಕಣೋ, ತಾಯಿ ಮಗು ಒಂದು ಕಡೆ ಇರ್ಲಿ" ಎಂದಳು. ನಾನು ಓದಿದವನು, ಅವಳು ಓದದವಳು. ನನ್ನ ಮಾತು ನಡೆಯಿತು. ನೆಂಟರು ತನ್ನ ಮೇಲೆ ಹೊರಿಸಿದ್ದನ್ನು ಅವಳು ಒಮ್ಮೆಯೂ ಇಳಿಸಿಕೊಳ್ಳಲಿಲ್ಲ. ಈ ಕಾಗದ ಓದಿದ ಕೂಡಲೇ ಅವಳಿಗೆ ಫೋನು ಮಾಡು. ನನಗೆ ಆಮೇಲೆ ಮಾಡು, ಅಥವಾ ಮಾಡಬೇಡ, ಅದು ನಿನ್ನ ಇಷ್ಟ.

ಇನ್ನೂ ಒಂದಿದೆ. ನಿನಗೆ ಐದೂವರೆ ತಿಂಗಳು. ನಿನ್ನ ಅಮ್ಮನಿಗೆ ಉಳಿದದ್ದು ನಾಲ್ಕು ದಿನ, ಅದು ಆಗ ತಿಳಿದಿರಲಿಲ್ಲ. ಒಂದು ಸಂಜೆ ಅಕ್ಕ ನನ್ನನ್ನು ಕೇಳದೆ ನಿನ್ನನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದಳು. "ಒಂದೇ ಗಳಿಗೆ ಕಣೋ, ಬಾಗಿಲು ತೆಗಿ. ಮುಖಾನಾದ್ರೂ ನೋಡ್ಲಿ" ಎಂದು ಹೊರಗಿನಿಂದ ಪಿಸುಗುಟ್ಟಿದಳು. ನಾನು ಒಳಗೆ, ಕೈ ಚಿಲಕದ ಮೇಲೆ. ಆಗ ನೀನು ಒಂದು ಸಣ್ಣ ಸದ್ದು ಮಾಡಿದೆ, ಅಳುವಲ್ಲ, ಮಾತೂ ಅಲ್ಲ. ಹಿಂದಿನ ಕೋಣೆಯಿಂದ ನಿನ್ನ ಅಮ್ಮ, "ಬಂತಾ? ನಂದು ಬಂತಾ?" ಎಂದಳು.

"ಅಲ್ಲ, ಪಕ್ಕದ ಮನೆ ಮಗು. ಮಲ್ಕೋ" ಎಂದೆ.

ಬಾಗಿಲಿನಾಚೆ ಅಕ್ಕ ಅದನ್ನು ಕೇಳಿಸಿಕೊಂಡದ್ದು ಸಂದಿಯಿಂದ ನನಗೆ ಕಂಡಿತು. ನಿನ್ನ ಬಾಯಿಯ ಮೇಲೆ ಮೆಲ್ಲಗೆ ಅಂಗೈ ಇಟ್ಟು, ಮೆಟ್ಟಿಲಿಳಿದು ಹೋದಳು.